ರೆಫರಿ ಹೊಲಿದ ಜೆರ್ಸಿ

ನನ್ನ ತಮ್ಮ ದರ್ಜಿ. ರಜೆಯ ದಿನ ಮಧ್ಯಾಹ್ನವಾದರೆ ಫುಟ್‌ಬಾಲ್ ರೆಫರಿ. ಎರಡೂ ಕೆಲಸಕ್ಕೆ ಸೇರಿಸಿ ಊರಿನವರು ಅವನಿಗೆ ಇಂಚುಪಟ್ಟಿ ಅಂತ ಹೆಸರಿಟ್ಟಿದ್ದಾರೆ. ಕತ್ತಿನಲ್ಲಿ ಯಾವಾಗಲೂ ಟೇಪು ನೇತಾಡುತ್ತಿರುತ್ತದೆ ಅನ್ನುವುದು ಒಂದು ಕಾರಣ, ಮೈದಾನದಲ್ಲಿ ಬೆರಳಿನಷ್ಟೂ ಬಿಟ್ಟುಕೊಡುವುದಿಲ್ಲ ಅನ್ನುವುದು ಇನ್ನೊಂದು. ಒಂದು ಸಲ ಟೇಪು ತೆಗೆಯೋದು ಮರೆತು ಹಾಗೇ ಮೈದಾನಕ್ಕೆ ಇಳಿದಿದ್ದ. ಫ್ರೀ ಕಿಕ್ಕಿಗೆ ಗೋಡೆ ಕಟ್ಟಿ ನಿಂತ ಹುಡುಗರು, "ಇವತ್ತು ಅಳೆದೇ ನಿಲ್ಲಿಸಿ ಅಣ್ಣ, ತಕರಾರೇ ಬೇಡ" ಅಂದರು. ಇವನು ನಗಲಿಲ್ಲ. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ, ಚೆಂಡಿನಿಂದ ಹೆಜ್ಜೆ ಹಾಕಿ ಅಳೆದ, ಗೋಡೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದ. ತಮಾಷೆ ಮಾಡಿ ಅವರೇ ನಷ್ಟ ಮಾಡಿಕೊಂಡರು.

ಅಂಗಡಿ ಇರುವುದು ಒಂದು ಇಕ್ಕಟ್ಟಿನ ಬೀದಿಯಲ್ಲಿ. ಒಂದು ಪಕ್ಕ ಬೀಗದ ಕೈ ಮಾಡುವವನು, ಇನ್ನೊಂದು ಪಕ್ಕ ಜೆರಾಕ್ಸ್ ಅಂಗಡಿ. ಒಳಗೆ ಎರಡು ಹೊಲಿಗೆ ಮಿಷನ್ನು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಅವನ ಹೆಂಡತಿ. ಬಾಗಿಲ ಹತ್ತಿರ, ಬೆಳಕು ಬೀಳುವ ಕಡೆ, ಒಂದು ಗಿಡ್ಡ ಸ್ಟೂಲಿನ ಮೇಲೆ ನಾನು. ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಪ್ಯಾಂಟಿನ ಅಂಚು ಮಡಚುವುದು ನನ್ನ ಪಾಲಿನ ಕೆಲಸ. ಸೂಜಿ ಹಿಡಿದು ತಲೆ ತಗ್ಗಿಸಿ ಕೂತ ಮುದುಕಿಯನ್ನು ನೋಡಿ ಯಾರೂ ಮಾತು ನಿಲ್ಲಿಸುವುದಿಲ್ಲ. ಹಾಗಾಗಿ ಈ ಊರಿನ ಫುಟ್‌ಬಾಲೆಲ್ಲ ನನ್ನ ಕಿವಿಯ ಮೇಲೇ ಹಾದುಹೋಗಿದೆ. ಆಫ್‌ಸೈಡ್ ಅಂದರೆ ಏನು ಅನ್ನುವುದು ಮಾತ್ರ ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ತಮ್ಮ ಎಷ್ಟೋ ಸಲ ಬಾಬಿನ್ನು, ಗುಂಡಿ, ಕತ್ತರಿ ಎಲ್ಲಾ ಮೇಜಿನ ಮೇಲೆ ಜೋಡಿಸಿ ತೋರಿಸಿದ್ದಾನೆ. ತೋರಿಸುವಾಗ ತಿಳಿಯುತ್ತದೆ. ಕತ್ತರಿ ಎತ್ತಿಕೊಂಡು ಕೆಲಸಕ್ಕೆ ಕೂತರೆ ಮರೆತುಹೋಗುತ್ತದೆ.

ಅವನು ರೆಫರಿ ಆಗಿದ್ದು ಜಗಳದಿಂದ. ಪ್ರಾಯದಲ್ಲಿ ಆಡುತ್ತಿದ್ದ. ಆಡುವುದಕ್ಕಿಂತ ಹೆಚ್ಚಾಗಿ ರೆಫರಿಯ ಹಿಂದೆ ಓಡಿ, ಅದು ಹಾಗಲ್ಲ ಹೀಗೆ ಅಂತ ವಾದ ಮಾಡುತ್ತಿದ್ದ. ಒಂದು ದಿನ ರೆಫರಿ ಬರಲಿಲ್ಲ. ಹಿರಿಯರು, "ಕಾಯಿದೆ ಇಷ್ಟೊಂದು ಗೊತ್ತಲ್ಲ, ತಗೋ, ನೀನೇ ಊದು" ಅಂತ ಸೀಟಿ ಕೈಗೆ ಕೊಟ್ಟರು. ಬುದ್ಧಿ ಕಲಿಸಬೇಕು ಅಂತ ಕೊಟ್ಟ ಸೀಟಿ. ಅವನು ವಾಪಸು ಕೊಡಲೇ ಇಲ್ಲ.

ನನ್ನ ತಂಗಿಯ ಗಂಡ, ತಮ್ಮನಿಗೆ ಭಾವ, ಬೇಕರಿಯವರ ತಂಡ ನಡೆಸುತ್ತಿದ್ದರು. ಒಂದು ವರ್ಷ ಆಟ ಮುಗಿಯುವ ಹೊತ್ತಿಗೆ ಆ ತಂಡದವನ ಕೈಗೆ ಚೆಂಡು ತಗುಲಿತು. ತಮ್ಮ ಪೆನಾಲ್ಟಿ ಕೊಟ್ಟ. ಬೇಕರಿ ತಂಡ ಸೋತಿತು. ಭಾವ ನಮ್ಮ ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಕೊನೆಗೆ ಬಂದರು, ಯಾಕೆಂದರೆ ಪ್ಯಾಂಟು ಹೊಲಿಸಬೇಕಿತ್ತು. ತಮ್ಮ ಏನೂ ಆಗದವನ ಹಾಗೆ ಟೇಪು ಹಿಡಿದು ನಿಂತ.

"ಉಸಿರು ಬಿಡಿ ಭಾವ. ಹೊಟ್ಟೆ ಒಳಗೆಳೆದುಕೊಂಡರೆ ಅಳತೆ ಸುಳ್ಳಾಗತ್ತೆ."

"ನಿನ್ನ ಮುಂದೆ ಉಸಿರು ಬಿಡೋಕೂ ಭಯ ಕಣಯ್ಯಾ. ಅದನ್ನೂ ಫೌಲು ಅಂತೀಯ."

"ಕೈಗೆ ತಾಗಿದರೆ ಮಾತ್ರ ಅಂತೀನಿ."

ಭಾವ ನಕ್ಕರು. ಆ ನಗುವಿಗೆ ಹೊಟ್ಟೆ ಹೊರಗೆ ಬಂತು. ಇವನು ಅಷ್ಟರಲ್ಲಿ ಅಳೆದುಕೊಂಡ.

ಇಷ್ಟು ಕೇಳಿದರೆ ತಮ್ಮ ಮರದ ಮನುಷ್ಯ ಅನ್ನಿಸಬಹುದು. ಹಾಗಲ್ಲ. ಒಂದು ಪಂದ್ಯದಲ್ಲಿ ಗೋಲ್‌ಕೀಪರನ ಕನ್ನಡಕ ಹಾರಿ ಎಲ್ಲೋ ಬಿತ್ತು. ಅವನು ಮಂಡಿಯೂರಿ ಹುಲ್ಲಿನಲ್ಲಿ ತಡಕಾಡುತ್ತಿದ್ದಾನೆ, ಎದುರಿನವನು ಚೆಂಡು ತೆಗೆದುಕೊಂಡು ಖಾಲಿ ಗೋಲಿಗೆ ನುಗ್ಗುತ್ತಿದ್ದಾನೆ. ತಮ್ಮ ಸೀಟಿ ಊದಿ ಆಟ ನಿಲ್ಲಿಸಿದ. ನುಗ್ಗಿದವನಿಗೆ ಸಿಟ್ಟು ಬಂತು. ತಮ್ಮ ಅವನಿಗೆ, "ಕಣ್ಣು ಕಾಣದವನಿಗೆ ಗೋಲು ಹೊಡೆದೆ ಅಂತ ಮನೇಲಿ ಹೇಳ್ಕೋತೀಯಾ? ಹೇಳ್ಕೋತೀಯ ಅಂದ್ರೆ ಹೊಡಿ" ಅಂದನಂತೆ. ಆಮೇಲೆ ಕನ್ನಡಕ ಹುಡುಕಿ ಕೊಟ್ಟವನೂ ಆ ನುಗ್ಗಿದವನೇ.

ಆ ವಿಷಯಕ್ಕೆ ಡ್ರಿಲ್ ಮೇಷ್ಟ್ರು ನಮ್ಮ ಅಂಗಡಿಗೇ ಬಂದು ಜಗಳ ಹಿಡಿದರು. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವರು, ಅವರೂ ರೆಫರಿಯೇ. ತಮ್ಮನಿಗಿಂತ ಚಿಕ್ಕವರು, ಆದರೆ ಹೊಟ್ಟೆಯಲ್ಲಿ ದೊಡ್ಡವರು. ಬೆಂಚಿನ ಮೇಲೆ ಕೂತರೆ ಬೆಂಚೇ ಮುಂದಕ್ಕೆ ಬಾಗುತ್ತದೆ.

"ಕಾಯಿದೆ ಅಂದ್ರೆ ರೈಲಿನ ಹಳಿ ಕಣಯ್ಯಾ," ಅಂದರು ಮೇಷ್ಟ್ರು. "ಇವತ್ತು ಕನ್ನಡಕಕ್ಕೆ ನಿಲ್ಲಿಸಿದೆ. ನಾಳೆ ಒಬ್ಬ ಶೂ ದಾರ ಬಿಚ್ಚಿತು ಅಂತಾನೆ, ಇನ್ನೊಬ್ಬ ಕಣ್ಣಿಗೆ ನೊಣ ಬಿತ್ತು ಅಂತಾನೆ. ಯಾರಿಗೆ ನಿಲ್ಲಿಸ್ತೀಯ, ಯಾರಿಗೆ ಬಿಡ್ತೀಯ?"

ತಮ್ಮ ಮಿಷನ್ನು ತುಳಿಯುತ್ತಲೇ ಕೇಳಿದ, "ಮೇಷ್ಟ್ರೇ, ನಿಮ್ಮ ಪ್ಯಾಂಟು ಹೋದ ವರ್ಷದ ಅಳತೆಗೇ ಹೊಲಿಯಲಾ?"

ತಮ್ಮನ ಹೆಂಡತಿ ಬಾಯಿಗೆ ಬಟ್ಟೆ ಒತ್ತಿಕೊಂಡಳು. ಮೇಷ್ಟ್ರು ಹೊಟ್ಟೆ ಸವರಿಕೊಂಡು, "ಮಾತು ತಿರುಗಿಸಬೇಡ" ಅಂದರು.

"ತಿರುಗಿಸ್ತಿಲ್ಲ. ಕತ್ತರಿಸುವಾಗ ಗೆರೆ ತಪ್ಪಲ್ಲ ನಾನು. ಆದರೆ ಹೊಲಿಗೆಯ ಆಚೆ ಎರಡು ಬೆರಳು ಬಟ್ಟೆ ಬಿಟ್ಟಿರ್ತೀನಿ. ಹೊರಗಿನಿಂದ ಕಾಣಲ್ಲ. ಬೇಕಾದಾಗ ಬಿಚ್ಚಬಹುದು."

"ಕೇಳಿದವರಿಗೆಲ್ಲಾ ಬಿಚ್ಚಿದರೆ ಅದು ಪ್ಯಾಂಟಲ್ಲ, ಚೀಲ."

ತಮ್ಮ ಮಿಷನ್ನು ತುಳಿಯುವುದು ನಿಲ್ಲಿಸಿದ. "ಅದೂ ಸರಿ" ಅಂದ.

ಅವನಲ್ಲಿ ನನಗೆ ಹಿಡಿಸುವುದೇ ಅದು. ಎದುರಿನವನ ಮಾತು ಸರಿ ಅನ್ನಿಸಿದರೆ ಸರಿ ಅಂದುಬಿಡುತ್ತಾನೆ. ಹಾಗಂದ ಮೇಲೂ ತನ್ನ ದಾರಿಯಲ್ಲೇ ಹೋಗುತ್ತಾನೆ ಅನ್ನಿ, ಅದು ಬೇರೆ.

ಇಷ್ಟು ವರ್ಷ ಊದಿದರೂ ಊರಿನ ಟೂರ್ನಮೆಂಟಿನ ಫೈನಲ್ ಪಂದ್ಯ ಮಾತ್ರ ಅವನಿಗೆ ಸಿಕ್ಕಿರಲಿಲ್ಲ. ಅದನ್ನು ನಡೆಸುವ ಕಮಿಟಿಯಲ್ಲಿ ಇರುವವರೆಲ್ಲ ಒಂದಲ್ಲ ಒಂದು ತಂಡದ ಕಡೆಯವರು, ಅವರೆಲ್ಲರಿಗೂ ಇವನು ಒಂದಲ್ಲ ಒಂದು ಸಲ ಸೀಟಿ ಊದಿ ಹೊಟ್ಟೆ ಉರಿಸಿದವನು. ರೆಫರಿಗಳಿಗೆ ವಯಸ್ಸಿನ ಮಿತಿ ಇದೆ. ಈ ವರ್ಷ ಮುಗಿದರೆ ಅವನ ಸೀಟಿಯೂ ಮುಗಿಯಿತು. ಮಂಡಿನೋವು ಬೇರೆ. ಕಮಿಟಿಗೇ ಮನಸ್ಸು ಕರಗಿತೋ, ಬೇರೆ ಯಾರೂ ಸಿಗಲಿಲ್ಲವೋ, ಅಧ್ಯಕ್ಷರು ಖುದ್ದು ಅಂಗಡಿಗೆ ಬಂದು, "ಈ ಸಲ ಫೈನಲ್ ನಿಂದು" ಅಂತ ಹೇಳಿ ಹೋದರು. ಅಧ್ಯಕ್ಷರು ಔಷಧಿ ಅಂಗಡಿಯವರು, ಒಳ್ಳೆಯ ಮನುಷ್ಯ, ಯಾರಿಗೂ ಬೇಜಾರು ಮಾಡದವರು. ಅವರು ಹೋದ ಮೇಲೆ ತಮ್ಮ ಮತ್ತೆ ಮಿಷನ್ನು ತುಳಿಯತೊಡಗಿದ. ಆದರೆ ಒಂದೇ ಕಾಲರನ್ನು ಹೊಲಿದು, ತಿರುಗು ಮುರುಗಾಯಿತು ಅಂತ ಬಿಚ್ಚಿ, ಮತ್ತೆ ಹೊಲಿದ. ಅಂಥ ತಪ್ಪು ಅವನು ಮಾಡುವವನಲ್ಲ.

ಅವನ ಕಪ್ಪು ಅಂಗಿ ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಊರಿಗೆಲ್ಲಾ ಹೊಲಿಯುವವನ ಮೈಮೇಲೆ ಯಾವತ್ತೂ ಹಳೇ ಅಂಗಿಯೇ. ನಾನೂ ಅವನ ಹೆಂಡತಿಯೂ ಕಪಾಟಿನಿಂದ ಒಳ್ಳೆಯ ಕರಿ ಬಟ್ಟೆ ತೆಗೆದೆವು. "ಇದನ್ನ ನೀವು ಮುಟ್ಟೋ ಹಾಗಿಲ್ಲ ರೀ" ಅಂತ ಅವಳು ಕಟ್ಟಪ್ಪಣೆ ಮಾಡಿದಳು. ಅವಳು ಕತ್ತರಿಸಿ ಹೊಲಿದಳು, ನಾನು ಕಾಜಾ ಹಾಕಿದೆ. ಎರಡು ಬೆರಳು ಬಟ್ಟೆ ಒಳಗೆ ಬಿಟ್ಟೆವು, ಅವನೇ ಕಲಿಸಿದ ಪಾಠ. ಇಸ್ತ್ರಿ ಮಾಡಿ, ಧೂಳು ಕೂರದ ಹಾಗೆ ಹಳೇ ಪೇಪರು ಸುತ್ತಿ, ಒಳಕೋಣೆಯ ಮೊಳೆಗೆ ನೇತುಹಾಕಿದೆವು. ಟೀ ಕುಡಿಯುವ ನೆಪದಲ್ಲಿ ಅವನು ಒಳಗೆ ಹೋಗಿ ಪೇಪರು ಎತ್ತಿ ನೋಡುವುದು ನನಗೆ ಕೇಳಿಸುತ್ತಿತ್ತು. ಹಳೇ ಪೇಪರಿನ ಸದ್ದು ಮುಚ್ಚಿಡೋಕೆ ಆಗುತ್ತದೆಯೇ.

ಫೈನಲ್‌ಗೆ ಮುಂಚೆ ಸೆಮಿಫೈನಲ್. ಐಸ್ ಕಾರ್ಖಾನೆಯವರಿಗೂ ಬಸ್ ಡಿಪೋದವರಿಗೂ. ಅದಕ್ಕೂ ತಮ್ಮನೇ ರೆಫರಿ. ಐಸ್ ಕಾರ್ಖಾನೆಯ ಹುಡುಗರು ಹೊಸ ಜೆರ್ಸಿ ಬೇಕು ಅಂತ ಕೊನೇ ಗಳಿಗೆಗೆ ಬಂದಿದ್ದರು. ಊರಿನ ಎಲ್ಲ ತಂಡಗಳಿಗೂ ಹೊಲಿಯುವುದು ನಮ್ಮ ಅಂಗಡಿಯೇ, ಅದರಲ್ಲಿ ವಿಶೇಷವೇನೂ ಇರಲಿಲ್ಲ.

"ಹೋದ ಸಲ ಗೋಣಿಚೀಲ ಹೊಲಿದುಕೊಟ್ಟಿದ್ರಿ ಅಣ್ಣ. ಈ ಸಲ ಮೈಗೆ ಅಂಟಿಕೊಂಡಿರಬೇಕು," ಅಂದವನು ಅವರ ಎಡಗಾಲು. ಐಸಿನ ದಿಮ್ಮಿ ಹೊತ್ತು ಹೊತ್ತು ಭುಜ ಬಾಗಿಲಿನಷ್ಟು ಅಗಲ. ಗೋಲು ಹೊಡೆಯುವುದೆಲ್ಲ ಎಡಗಾಲಿನಲ್ಲೇ, ಅದಕ್ಕೇ ಆ ಹೆಸರು.

ಬಿಗಿಯಾಗಲಿ ಅಂತ ಇವನು ಜೆರ್ಸಿಯ ಭುಜದ ಹತ್ತಿರ ಬಟ್ಟೆಯನ್ನು ಅಂಚಿನವರೆಗೂ ಒಳಗೆ ತೆಗೆದುಕೊಂಡ. ಹಾಗೆ ಬಿಗಿಯಾದ ಕಡೆ ಎರಡು ಹೊಲಿಗೆ ಬೇಕು. ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಹುಡುಗರು ಬಾಗಿಲಲ್ಲೇ ಕಾದು ನಿಂತಿದ್ದರು. ಒಂದೇ ಹೊಲಿಗೆ ಹಾಕಿ ಕೊಟ್ಟುಬಿಟ್ಟ. "ಮ್ಯಾಚ್ ಮುಗಿದ ಮೇಲೆ ತನ್ನಿ, ಇನ್ನೊಂದು ಹೊಲಿಗೆ ಹೊಡೆದು ಕೊಡ್ತೀನಿ" ಅಂದ. ಅವನ ಬಾಯಲ್ಲಿ ಅಂಥ ಮಾತು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಪಂದ್ಯ ನೋಡಲು ನಾನೂ ತಮ್ಮನ ಹೆಂಡತಿಯೂ ಹೋಗಿದ್ದೆವು. ಸಿಮೆಂಟಿನ ಮೆಟ್ಟಿಲ ಮೇಲೆ ಹಳೇ ದಿಂಬು ಹಾಕಿ ಕೂತೆವು. ಮೊದಲರ್ಧದಲ್ಲೇ ಎಡಗಾಲು ಸಿಟ್ಟಿನಲ್ಲಿ ಚೆಂಡನ್ನು ದೂರ ಒದ್ದು ಹಳದಿ ಕಾರ್ಡು ತಿಂದ. ಇನ್ನೊಂದು ಹಳದಿ ಬಂದರೆ ಅದು ಕೆಂಪು. ಕೆಂಪು ಬಂದರೆ ಹೊರಗೆ ನಡೆ, ಮುಂದಿನ ಪಂದ್ಯವೂ ಇಲ್ಲ. ಅಂದರೆ ಅವನಿಗೆ ಫೈನಲ್ ಇಲ್ಲ.

ಆಟ ಇನ್ನೇನು ಮುಗಿಯಿತು ಅನ್ನುವಾಗ ಎಡಗಾಲು ಗೋಲು ಹೊಡೆದ. ಅವನ ತಂಡದವರೆಲ್ಲ ಅವನ ಮೇಲೆ ಬಿದ್ದರು. ರಾಶಿಯೊಳಗಿನಿಂದ ಅವನು ಎದ್ದು ಬರುವಾಗ ಒಂದು ತೋಳು ಜೋತಾಡುತ್ತಿತ್ತು. ಅವನು ಅದನ್ನು ನೋಡಿದ, ಜೆರ್ಸಿಯನ್ನು ತಲೆಯ ಮೇಲಿಂದ ಕಿತ್ತು ತೆಗೆದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಖುಷಿಯಲ್ಲಿ ಅದನ್ನು ಗಿರಗಿರ ತಿರುಗಿಸುತ್ತಾ ಮೂಲೆಯವರೆಗೆ ಓಡಿದ.

ಗೋಲು ಹೊಡೆದ ಖುಷಿಗೆ ಅಂಗಿ ಬಿಚ್ಚಿದರೆ ಹಳದಿ ಕಾರ್ಡು. ಅದರಲ್ಲಿ ಯಾಕೆ, ಏನು ಅನ್ನುವುದಿಲ್ಲ. ನನ್ನಂಥವಳಿಗೂ ಗೊತ್ತಿರುವ ಕಾಯಿದೆ ಅದು. ತಮ್ಮ ಸೀಟಿ ಊದಿದ, ಕೈ ಜೇಬಿಗೆ ಹೋಯಿತು. ಡಿಪೋ ತಂಡದ ನಾಯಕ, ಬಸ್ಸಿನ ಮೆಕ್ಯಾನಿಕ್ಕು, ಪಕ್ಕದಲ್ಲೇ ಓಡಿಬಂದು, "ಹಳದಿ ಅಣ್ಣ, ಎರಡನೇದು" ಅನ್ನುತ್ತಿದ್ದ. ತಮ್ಮ ಹೋಗಿ ಎಡಗಾಲಿನ ಕೈಯಿಂದ ಜೆರ್ಸಿ ತೆಗೆದುಕೊಂಡ. ಕಾರ್ಡು ತೋರಿಸುವ ಮುಂಚೆ ಅದನ್ನು ಒಳಗೆ ಹೊರಗೆ ಮಾಡಿ ಭುಜದ ಹತ್ತಿರ ನೋಡಿದ. ಅಂಗಡಿಯಲ್ಲಿ ನೋಡುವ ಹಾಗೇ, ಬೆಳಕಿಗೆ ಹಿಡಿದು. ಮೈದಾನ ಪೂರ್ತಿ ಕಾಯುತ್ತಿತ್ತು.

ಜೇಬಿನಿಂದ ಅವನ ಕೈ ಖಾಲಿ ಹೊರಗೆ ಬಂತು.

"ಹೊಲಿಗೆ ಬಿಟ್ಟಿದೆ," ಅಂದ ಮೆಕ್ಯಾನಿಕ್ಕಿಗೆ. "ಬಟ್ಟೆ ಹರಿದಿಲ್ಲ. ತೋಳು ಹೀಗೆ ನೇತಾಡೋವಾಗ ಅವನು ಅಂಗಿ ತೆಗೀಲೇಬೇಕು. ಹೊಲಿಗೆ ನನ್ನದು."

"ತೆಗೆದ, ಸರಿ. ತಿರುಗಿಸಿದ್ದು ಯಾಕೆ?"

"ಗೋಲು ಹೊಡೆದನಲ್ಲ."

"ಅಣ್ಣ, ಅದೇ ಕಾಯಿದೆ."

"ಗೊತ್ತು."

ನಮ್ಮ ಪಕ್ಕದ ಬೀಗದ ಕೈಯವನು ಮೆಟ್ಟಿಲ ಮೇಲಿಂದ ಕೂಗಿದ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಇವನು ಇನ್ನೊಬ್ಬನ ಹೆಗಲು ನೋಡ್ತಿದಾನಪ್ಪ." ಮೆಟ್ಟಿಲು ಪೂರ್ತಿ ನಕ್ಕಿತು. ತಮ್ಮನ ಹೆಂಡತಿ ತಲೆ ಎತ್ತಲಿಲ್ಲ.

ಆಟ ಮುಗಿಯೋಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಎಡಗಾಲು ಗೆರೆಯ ಹೊರಗೆ ಬಂದು ನಿಂತ. ತಮ್ಮನ ಹೆಂಡತಿ ಚೀಲದಿಂದ ಪಿನ್ನು ತೆಗೆದುಕೊಂಡು ಹೋದರೆ ತಮ್ಮ ದೂರದಿಂದಲೇ ಕೈಯಾಡಿಸಿದ. "ಪಿನ್ನು ಬೇಡ. ಇನ್ನೊಬ್ಬರಿಗೆ ಚುಚ್ಚತ್ತೆ. ಕಾಯಿದೆ." ಅವಳು ವಾಪಸು ಬಂದು ನನ್ನ ಮುಖ ನೋಡಿದಳು. "ಇದಕ್ಕೆ ಮಾತ್ರ ಕಾಯಿದೆ ಇದೆಯಾ ಅಕ್ಕ?" ಅಂದಳು. ನನ್ನ ಬಳಿ ಸೂಜಿದಾರ ಇಲ್ಲದ ದಿನವೇ ಇಲ್ಲ. ಕೆಳಗೆ ಇಳಿದು ಹೋಗಿ, ಗೆರೆಯ ಪಕ್ಕ ಕೂತು, ಆ ಭುಜಕ್ಕೆ ಕೈಹೊಲಿಗೆ ಹಾಕಿ ಕೊಟ್ಟೆ. ಹೊಲಿಯುವಾಗ ನೋಡಿದೆ. ತಮ್ಮ ಹೇಳಿದ್ದು ನಿಜ. ಬಟ್ಟೆಗೆ ಏನೂ ಆಗಿರಲಿಲ್ಲ, ಒಂಟಿ ದಾರ ಉದ್ದಕ್ಕೂ ಬಿಚ್ಚಿಕೊಂಡಿತ್ತು. ಎಡಗಾಲು, "ಬೇಗ ಅಜ್ಜಿ" ಅಂದ. "ಬೇಗ ಹೊಲಿದೇ ಇಷ್ಟಾಗಿದ್ದು, ಸುಮ್ಮನೆ ನಿಲ್ಲು" ಅಂದೆ.

ಐಸ್ ಕಾರ್ಖಾನೆ ಗೆದ್ದಿತು. ಮೆಕ್ಯಾನಿಕ್ಕು ತಮ್ಮನ ಮೇಲೆ ದೂರು ಕೊಟ್ಟ. ಆಟ ಮುಗಿದ ಕೂಡಲೇ ಕಮಿಟಿಯವರು ಅವರಿಬ್ಬರನ್ನೂ, ಇನ್ನೊಬ್ಬ ರೆಫರಿ ಅಂತ ಡ್ರಿಲ್ ಮೇಷ್ಟ್ರನ್ನೂ ಕರೆದುಕೊಂಡು ಮೆಟ್ಟಿಲುಗಳ ಅಡಿಯ ಕೋಣೆಯಲ್ಲಿ ಸೇರಿದರು. ಸುಣ್ಣದ ಮೂಟೆ, ಹಳೇ ಬಲೆ, ಮುರಿದ ಕುರ್ಚಿ ಇಡುವ ಕೋಣೆ. ಕಿಟಕಿಗೆ ಗಾಜಿರಲಿಲ್ಲ. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು, ಎಲ್ಲಾ ಕೇಳಿಸಿತು.

ಅಧ್ಯಕ್ಷರಿಗೆ ಹಾವೂ ಸಾಯಬಾರದು, ಕೋಲೂ ಮುರೀಬಾರದು. "ನೋಡಪ್ಪ, ಎಲ್ಲರೂ ಮೈಮೇಲೆ ಬಿದ್ದಿದ್ದರು. ಗಲಾಟೆಯಲ್ಲಿ ನಿನಗೆ ಸರಿಯಾಗಿ ಕಾಣಲಿಲ್ಲ. ಹಾಗಂದುಬಿಡು, ಮುಗೀತು. ಫೈನಲ್ ಹತ್ತಿರ ಇದೆ."

"ಕಂಡಿದೆ ಸಾರ್."

"ಕಂಡಿದ್ದರೆ ಕಾರ್ಡು ಕೊಡಬೇಕಿತ್ತು," ಅಂದರು ಡ್ರಿಲ್ ಮೇಷ್ಟ್ರು. "ನಾನಾಗಿದ್ದರೆ ಕೊಡ್ತಿದ್ದೆ. ಹೊಲಿಗೆ ಬಿಟ್ಟಿದ್ದಕ್ಕೆ ಅಂಗಿ ತೆಗೆದ, ಒಪ್ಪಿದೆ. ಬಾವುಟದ ಹಾಗೆ ಬೀಸಿದ್ದು ಹೊಲಿಗೆ ಬಿಟ್ಟಿದ್ದಕ್ಕಲ್ಲ."

"ಬೀಸಿದ್ದು ಖುಷಿಗೆ," ಅಂದ ತಮ್ಮ. "ಆದರೆ ಬಿಚ್ಚಿಸಿದ್ದು ನನ್ನ ದಾರ. ಅಂಗಿ ಸರಿಯಾಗಿದ್ದರೆ ಅವನು ಬಿಚ್ಚುತ್ತಿರಲಿಲ್ಲ. ನನ್ನ ತಪ್ಪಿಗೆ ಅವನನ್ನ ಹೊರಗೆ ಹಾಕೋಕೆ ಕೈ ಬರಲಿಲ್ಲ."

ಮೇಷ್ಟ್ರು ನಿಧಾನವಾಗಿ ಕೇಳಿದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಬೇರೆ ದರ್ಜಿ ಹೊಲಿದಿದ್ದರೆ? ಆಗಲೂ ಬಿಡ್ತಿದ್ದೆಯಾ?"

ತಮ್ಮನ ಹೆಂಡತಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬಿಡ್ತಿದ್ದೆ ಅಂತ ನನ್ನ ಮನಸ್ಸು ಹೇಳತ್ತೆ," ಅಂದ ತಮ್ಮ. "ಆದರೆ ನಾನು ಹಾಗಂದರೆ ನಂಬೋರು ಯಾರು ಮೇಷ್ಟ್ರೇ? ಕೇಳಿದವನು ನಾನಾಗಿದ್ದರೆ ನಾನೂ ನಂಬ್ತಿರಲಿಲ್ಲ. ತನ್ನ ಹೊಲಿಗೆಗೆ ತಾನೇ ನ್ಯಾಯ ಹೇಳಿದವನು ಫೈನಲ್ ಊದಬಾರದು. ಅದೇ ಐಸ್ ಕಾರ್ಖಾನೆ ಫೈನಲ್‌ನಲ್ಲೂ ಆಡತ್ತೆ. ನಾನು ಒಂದು ಫೌಲು ಕೊಟ್ಟರೂ ಒಂದು ಮಾತು, ಕೊಡದಿದ್ದರೂ ಒಂದು ಮಾತು. ಫೈನಲ್ ನೀವು ಊದಿ."

"ನಾನು ನಿನ್ನ ಪಂದ್ಯ ಕಿತ್ತುಕೊಳ್ಳೋಕೆ ಕೇಳಿದ್ದಲ್ಲ ಕಣಯ್ಯಾ," ಅಂದರು ಮೇಷ್ಟ್ರು. ಅವರ ದನಿಯೇ ಬೇರೆಯಾಗಿತ್ತು. "ನಿನಗೆ ಇದು ಕೊನೇ ವರ್ಷ."

"ಅದು ನನ್ನ ಮಂಡಿಗೆ ಗೊತ್ತು."

ಅಧ್ಯಕ್ಷರು ಬೇಡ ಬೇಡ ಅಂತ ಏನೇನೋ ಹೇಳಿದರು. ಅವರ ಮಾತಿನ ನಡುವೆ ಮೆಕ್ಯಾನಿಕ್ಕು ಎದ್ದು, "ನನ್ನ ದೂರು ಇಲ್ಲಿಗೆ ಸಾಕು ಸಾರ್" ಅಂದ. ಬಾಗಿಲಲ್ಲಿ ತಿರುಗಿ ನಿಂತು, "ಆದರೂ ಅದು ಹಳದಿಯೇ ಅಣ್ಣ" ಅಂದ. ತಮ್ಮ ಹೂಂಗುಟ್ಟಿದ. ಗೋಲು ಗೋಲೇ, ಫಲಿತಾಂಶ ಹಾಗೇ ಉಳಿಯಿತು. ಫೈನಲ್ ಮೇಷ್ಟ್ರ ಪಾಲಾಯಿತು.

ಮನೆಗೆ ನಡೆದು ಬರುವಾಗ ತಮ್ಮನ ಹೆಂಡತಿ ಬೀದಿ ಮೂಲೆಯವರೆಗೂ ತಡೆದುಕೊಂಡಿದ್ದಳು. ಅಲ್ಲಿಗೆ ಬಂದ ಮೇಲೆ, "ರೀ, ಊರಿಗೆಲ್ಲಾ ಎರಡು ಬೆರಳು ಬಿಡ್ತೀರಿ. ನಿಮಗೆ ಒಂದು ಬೆರಳೂ ಬಿಟ್ಕೊಳ್ಳೋಕೆ ಆಗಲ್ವಾ?" ಅಂದಳು.

"ನನ್ನ ಅಳತೆ ನಾನೇ ತಗೊಳ್ಳೋಕೆ ಬರಲ್ಲ ಕಣೇ," ಅಂದ. "ಟೇಪು ಜಾರತ್ತೆ."

ಅವಳು ಮನೆಗೆ ಬಂದು ಅನ್ನಕ್ಕಿಟ್ಟಳು, ಅವನಿಗೆ ಮೊದಲು ಬಡಿಸಿದಳು. ಸಿಟ್ಟಿದ್ದ ದಿನ ಅವಳು ಅವನಿಗೆ ಕೊನೆಗೆ ಬಡಿಸುವವಳು.

ಆ ವಾರ ಐಸ್ ಕಾರ್ಖಾನೆಯ ಅಷ್ಟೂ ಜೆರ್ಸಿಗಳು ಅಂಗಡಿಗೆ ವಾಪಸು ಬಂದವು. ತಮ್ಮ ಒಬ್ಬನೇ ಕೂತು ಒಂದೊಂದರ ಭುಜವನ್ನೂ ಬಿಚ್ಚಿ ಎರಡು ಹೊಲಿಗೆ ಹಾಕಿದ. ನನ್ನನ್ನೂ ಅವಳನ್ನೂ ಮುಟ್ಟಲು ಬಿಡಲಿಲ್ಲ. ನನ್ನ ಕೈಹೊಲಿಗೆ ಇದ್ದ ಜೆರ್ಸಿ ಬಂದಾಗ ಅದನ್ನು ಎಳೆದು ನೋಡಿ, "ಇದು ಇರಲಿ ಅಕ್ಕ, ಇದರ ಮೇಲೇ ಇನ್ನೊಂದು ಹಾಕ್ತೀನಿ" ಅಂದ. ನನಗೆ ಅವನು ಕೊಟ್ಟ ದೊಡ್ಡ ಸರ್ಟಿಫಿಕೇಟು ಅದು.

ಫೈನಲ್ ಹತ್ತಿರ ಬಂದಾಗ ಡ್ರಿಲ್ ಮೇಷ್ಟ್ರು ಅಂಗಡಿಗೆ ಬಂದರು. ಒಳಗೆ ಬರಲೋ ಬೇಡವೋ ಅನ್ನುವ ಹಾಗೆ ನಿಂತರು. ಕೈಯಲ್ಲಿ ಅವರ ಕಪ್ಪು ಅಂಗಿ. ಸೊಂಟದ ಹತ್ತಿರ ಗುಂಡಿಗಳು ಕಿತ್ತುಬಂದಿದ್ದವು.

"ಗುಂಡಿ ಹಾಕಿಕೊಟ್ಟರೆ ಸಾಕಿತ್ತು," ಅಂದರು.

ತಮ್ಮ ಅದನ್ನು ತಿರುಗಿಸಿ ನೋಡಿದ. "ಯಾರು ಹೊಲಿದಿದ್ದು ಇದನ್ನ? ಒಳಗೆ ಒಂದು ನೂಲು ಬಟ್ಟೆ ಬಿಟ್ಟಿಲ್ಲ. ಹಳಿ ಮೇಲೆ ಹೊಲಿದಿದ್ದಾನೆ."

"ಚುಚ್ಚಬೇಡವೋ."

ತಮ್ಮ ಎದ್ದು ಒಳಕೋಣೆಗೆ ಹೋದ. ಪೇಪರಿನ ಸದ್ದು ಕೇಳಿಸಿತು. ಹೊಸ ಕರಿ ಅಂಗಿ ತಂದು ಮೇಷ್ಟ್ರ ಎದೆಗೆ ಹಿಡಿದು ನೋಡಿದ. ಅವನ ಹೆಂಡತಿಯ ಮಿಷನ್ನು ನಿಂತಿತು. ನಾನು ಅವಳ ಕಡೆ ನೋಡಿದೆ. ಅವಳು ಅಂಗಿಯನ್ನೇ ನೋಡುತ್ತಿದ್ದಳು.

"ಇದು ನಿಂದು," ಅಂದರು ಮೇಷ್ಟ್ರು. "ನಾನು ಹಾಕ್ಕೊಳ್ಳಲ್ಲ."

"ಗುಂಡಿ ಕಿತ್ತ ಅಂಗಿಯಲ್ಲಿ ಫೈನಲ್‌ಗೆ ಇಳೀತೀರಾ? ರೆಫರಿಯ ಹೊಟ್ಟೆ ಕಂಡರೆ ಯಾವ ಕಾರ್ಡು ಅಂತ ಕಾಯಿದೇಲಿ ಇದೆಯಾ?"

ಮೊದಲು ನಕ್ಕವಳು ಅವಳೇ. "ಕೊಡಿ ಇಲ್ಲಿ," ಅಂತ ಅಂಗಿಯನ್ನು ಅವನ ಕೈಯಿಂದ ತೆಗೆದುಕೊಂಡಳು. "ಎರಡು ಬೆರಳು ಬಿಟ್ಟಿದೆ. ಮೇಷ್ಟ್ರೇ, ಉಸಿರು ಬಿಟ್ಟು ನಿಲ್ಲಿ." ಆ ಕಡೆ ಎರಡು ಬೆರಳು, ಈ ಕಡೆ ಎರಡು ಬೆರಳು ಬಿಚ್ಚಿದಳು. ಮೇಷ್ಟ್ರ ಹೊಟ್ಟೆ ಸರಿಯಾಗಿ ಕೂತಿತು. ಭುಜವನ್ನು ಮಾತ್ರ ತಮ್ಮ ತಾನೇ ತೆಗೆದುಕೊಂಡು, ಇದ್ದ ಹೊಲಿಗೆಯ ಮೇಲೆ ಮತ್ತೊಂದು ಓಡಿಸಿದ.

ಫೈನಲ್ ದಿನ ತಮ್ಮ ನಮ್ಮ ಜೊತೆ ಮೆಟ್ಟಿಲ ಮೇಲೆ ಕೂತ. ಪಂದ್ಯ ನಡೆಯುವಾಗ ಅವನು ನನ್ನ ಪಕ್ಕದಲ್ಲಿ ಕೂತಿದ್ದು ಅದೇ ಮೊದಲು. ಯಾರಾದರೂ ಬಿದ್ದರೆ ಸಾಕು, ಅವನ ಕೈ ಸೀಟಿ ಹುಡುಕಿಕೊಂಡು ಎದೆಗೆ ಹೋಗುತ್ತಿತ್ತು. ಸೀಟಿ ಇದ್ದ ಜಾಗದಲ್ಲಿ ಟೇಪು ಸಿಗುತ್ತಿತ್ತು. ಒಂದು ಕಡೆ ಚೆಂಡು ಒಬ್ಬನ ಕೈಗೆ ತಗುಲಿತು, ಮೇಷ್ಟ್ರು ಊದಲಿಲ್ಲ. ಬೀಗದ ಕೈಯವನು ಎದ್ದು ನಿಂತು ಬೈಯಲು ಶುರು ಮಾಡಿದ.

"ಕೂತ್ಕೋ," ಅಂದ ತಮ್ಮ. "ಅವರ ಬೆನ್ನು ಚೆಂಡಿನ ಕಡೆ ಇತ್ತು. ಕಂಡಿದ್ದನ್ನ ಮಾತ್ರ ಊದಬೇಕು."

"ನೀನಾಗಿದ್ದರೆ ಊದ್ತಿದ್ದೆ."

"ನನ್ನ ಬೆನ್ನೂ ಆ ಕಡೆ ಇದ್ದಿದ್ದರೆ ಊದ್ತಿರಲಿಲ್ಲ."

ಎಡಗಾಲು ಆ ದಿನವೂ ಗೋಲು ಹೊಡೆದ. ಅವನ ತಂಡದವರು ಹಿಂದಿನ ಹಾಗೇ ಮೇಲೆ ಬಿದ್ದರು, ಭುಜ ಹಿಡಿದು ಜಗ್ಗಿದರು. ಮೈದಾನ ಪೂರ್ತಿ ಎದ್ದು ಕೂಗುತ್ತಿತ್ತು. ತಮ್ಮ ಮಾತ್ರ ಎದ್ದಿರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ಆ ರಾಶಿಯೊಳಗಿನಿಂದ ಭುಜ ಹೊರಗೆ ಬರುವುದನ್ನೇ ಕಾಯುತ್ತಿದ್ದ. ಎಡಗಾಲು ಎದ್ದು ಬಂದ. ಎರಡೂ ತೋಳು ಅವುಗಳ ಜಾಗದಲ್ಲೇ ಇದ್ದವು.

"ತಡೀತು ಅಕ್ಕ," ಅಂದ ತಮ್ಮ.

ಆಮೇಲೆ ಮೇಷ್ಟ್ರ ಕಡೆ ತಿರುಗಿದ. ಅವರು ಕೈ ಎತ್ತಿ ಗೋಲು ತೋರಿಸುತ್ತಿದ್ದರು. ಕರಿ ಅಂಗಿಯ ಭುಜ ಎಲ್ಲಾದರೂ ಎಳೆಯುತ್ತಿದೆಯೇ ಅಂತ ಅವನು ಬಹಳ ಹೊತ್ತು ನೋಡಿದ.